ಬಷೀರನ ಸೀಟು

ನಮ್ಮ ಮರದ ವಿಮಾನವನ್ನು ಮಾರುವ ಹಿಂದಿನ ದಿನ ಜುಬೇದಾ ಭಾಬಿ ಶೆಡ್ಡಿಗೆ ಬಂದರು. ಚಳ್ಳಕೆರೆಯಲ್ಲಿ ಮೋಟಾರು ಮೆಕ್ಯಾನಿಕ್ ಆಗಿದ್ದ ಅವರ ಗಂಡ ಬಷೀರ್ ಮತ್ತು ನಾನು ಸೇರಿ ಕೊಂಡಿದ್ದ, ಎರಡು ಸೀಟಿನ ಹಳೇ ವಿಮಾನ ಅದು. ಮುಂದೆ ನಾನು, ಹಿಂದೆ ಅವನು ಕೂತು ಮೊಳಕಾಲ್ಮೂರಿನ ಬಂಡೆಗುಡ್ಡಗಳವರೆಗೆ ಹಾರಿ ಬರುತ್ತಿದ್ದೆವು. ಅವನು ತೀರಿಕೊಂಡ ಮೇಲೆ ಒಬ್ಬನೇ ಹಾರಲು ನನಗೆ ಮನಸ್ಸಾಗಲಿಲ್ಲ.

ಭಾಬಿ ಹತ್ತಿ ಅವನ ಸೀಟಿನಲ್ಲಿ ಕೂತರು. "ಭಾಯ್, ಮೇಲೆ ಹೋದಾಗ ಇವ್ರು ನಿಮ್ ಹತ್ರ ಏನ್ ಮಾತಾಡ್ತಿದ್ರು?" ಎಂದರು. "ಮನೇಲಿ ಬಾಯೇ ಬಿಡ್ತಿರ್ಲಿಲ್ಲ. ಮಾತೆಲ್ಲ ನಿಮ್ ಹತ್ರಾನೇ ಖರ್ಚಾಗ್ತೈತೆ ಅಂತ ನಂಗೆ ಹೊಟ್ಟೆಕಿಚ್ಚು."

"ಎಂಜಿನ್ ಸದ್ದಿಗೆ ಒಂದ್ ಮಾತೂ ಕೇಳಿಸ್ತಿರ್ಲಿಲ್ಲ ಭಾಬಿ. ಇಳಿಯೋವಾಗ ಸದ್ದು ಕಮ್ಮಿ ಆಗೋದು. ಆಗ ಪ್ರತಿ ಸಲಾನೂ ಒಂದೇ ಮಾತು ಅನ್ನೋನು: 'ಬೇಗ ಇಳ್ಸಲೇ, ಅವಳು ಉಣ್ದೇ ಕಾಯ್ತಿರ್ತಾಳೆ.'"

ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು. "ಗೊತ್ತಿತ್ತಾ ಅವ್ರಿಗೆ! ಬಂದೋರು ಕೈ ತೊಳ್ಕೊಂಡು ಸುಮ್ನೆ ಊಟಕ್ಕೆ ಕೂರೋರು. ನೀನ್ ಉಂಡ್ಯಾ ಅಂತ ಒಂದಿನಾನೂ ಕೇಳ್ಲಿಲ್ಲ ನೋಡ್ರಿ."

ಮರುದಿನ ಕೊಳ್ಳಲು ಬಂದಾತ ರೆಕ್ಕೆ ತಟ್ಟಿ, "ಇಷ್ಟು ಹಳೇ ಮರ, ತಾಳುತ್ತಾ ಸಾರ್?" ಎಂದು ಕೇಳಿದ. ನಮ್ಮಿಬ್ಬರಿಗಿಂತ ಮೊದಲು ಹುಟ್ಟಿದ್ದು, ಬಷೀರನಿಗಿಂತ ಚೆನ್ನಾಗಿ ತಾಳಿದೆ ಎಂದೆ. ಆತ ಬಷೀರ್ ಯಾರೆಂದು ಕೇಳದೆ ಟೈರು ನೋಡಲು ಬಗ್ಗಿದ.