ಅಕ್ಕ ಮಾತಾಡಿದಳು, ನಾನು ಕೇಳಲಿಲ್ಲ

ಇದು 2009ರಲ್ಲಿ, ನಾವು ಚೆನ್ನೈನ ಕೀಲ್ಪಾಕ್‌ನಲ್ಲಿದ್ದಾಗ ನಡೆದದ್ದು. ಮಗ ಶ್ರೀಧರ ಮೊಬೈಲ್ ಸಿಮ್ ಹಾಕುವ ಇಂಟರ್ನೆಟ್ ರೂಟರ್ ತಂದಿದ್ದ. ಮನೆಯೆಲ್ಲ ಹುಡುಕಿದರೂ ಅದಕ್ಕೆ ಸಿಗ್ನಲ್ ಸಿಕ್ಕಿದ್ದು ದೇವರ ಕೋಣೆಯ ಕಿಟಕಿಯಲ್ಲಿ ಮಾತ್ರ. ಮಡಿಯಲ್ಲಿ ಪೂಜೆ ಮಾಡುವ ನನಗೆ ಅದೊಂದು ಕಿರಿಕಿರಿ. ಆದರೆ ಮಸ್ಕತ್‌ನಲ್ಲಿ ಮಗಳ ಮನೆಯಲ್ಲಿದ್ದ ನನ್ನ ಅಕ್ಕನಿಗೆ ಹೃದಯದ ಕಾಯಿಲೆ. ಕಂಪ್ಯೂಟರಿನಲ್ಲಿ ಅವಳ ಮುಖ ನೋಡಿ ಮಾತಾಡಬಹುದಲ್ಲ ಎಂದು ಒಪ್ಪಿಕೊಂಡೆ.

ಬೆಳಗಿನ ಹೊತ್ತು ಮಾತ್ರ ನೆಟ್ ತೀರಾ ನಿಧಾನವಾಗುತ್ತಿತ್ತು. ಕಸ್ಟಮರ್ ಕೇರ್‌ನವರು ಆಫ್ ಮಾಡಿ ಆನ್ ಮಾಡಿ ಎಂದರು, ಸಿಮ್ಮನ್ನೂ ಬದಲಿಸಿದರು. ನಮ್ಮಲ್ಲಿ ಸ್ನಾನವಾಗದೆ ಯಾರೂ ದೇವರ ಕೋಣೆಗೆ ಕಾಲಿಡುವಂತಿಲ್ಲ. ಶ್ರೀಧರ ಸ್ನಾನ ಮುಗಿಸಿ ಒಳಗೆ ಬರುವಷ್ಟರಲ್ಲಿ ನನ್ನ ಪೂಜೆ ಮುಗಿದಿರುತ್ತಿತ್ತು, ನೆಟ್ಟೂ ಸರಿಯಾಗಿರುತ್ತಿತ್ತು.

"ನಾ ಪಕ್ಕದಲ್ಲಿ ಹೋದ್ರೆ ಸರಿಯಾಗಿಬಿಡತ್ತೆ, ಎನ್ನಮ್ಮಾ ಇದು!" ಎಂದು ತಲೆ ಚಚ್ಚಿಕೊಳ್ಳುತ್ತಿದ್ದ. ನಾನು ನಗುತ್ತಿದ್ದೆ.

ಅಕ್ಕನ ಆಪರೇಷನ್ ದಿನ ಬೇಗ ಎದ್ದು ಅವಳ ಹೆಸರಿನಲ್ಲಿ ಪೂಜೆಗೆ ಕೂತೆ. ನಡುವೆಯೇ ಶ್ರೀಧರ ಕೂಗಿದ, "ಅಮ್ಮಾ, ದೊಡ್ಡಮ್ಮ ಲೈನಲ್ಲಿ ಇದಾರೆ, ಸೀಕ್ರಂ, ಬೇಗ ಬಾ!" ಒದ್ದೆ ಸೀರೆಯಲ್ಲೇ ಕಂಪ್ಯೂಟರ್ ಮುಂದೆ ನಿಂತೆ.

"ರಾಜೀ, ನಿಂಗೊಂದು ಮಾತು ಹೇಳ್ಬೇಕು ಕಣೇ..." ಎಂದಳು ಅಕ್ಕ. ಅಷ್ಟೇ. ಮುಖ ನಿಂತೇಹೋಯಿತು, ದನಿ ಚೂರುಚೂರಾಯಿತು, ಆಮೇಲೆ ಅದೂ ಇಲ್ಲ. ಶ್ರೀಧರ ಕೀಲಿಮಣೆ ಕುಟ್ಟಿದ, ಕಂಪನಿಯವರನ್ನು ಬೈದ. ಆ ಮಧ್ಯಾಹ್ನ ಅಕ್ಕ ಆಪರೇಷನ್ ಟೇಬಲ್ಲಿನ ಮೇಲೇ ಹೋಗಿಬಿಟ್ಟಳು.

ಸೂತಕದ ಮೂರು ದಿನ ಪೂಜೆ ಇರಲಿಲ್ಲ. "ಈಗ ಬೆಳಗ್ಗೇನೂ ಸ್ಪೀಡಾಗಿದೆಯಲ್ಲಮ್ಮಾ, ಹೇಗೆ?" ಎಂದ ಶ್ರೀಧರ.

ನಾಲ್ಕನೆಯ ದಿನ ಸ್ನಾನ ಮಾಡಿ ಪೂಜೆಗೆ ಬಂದೆ. ಎಲ್ಲರೂ ಮುಟ್ಟಿದ ವಸ್ತು ದೇವರ ಕಣ್ಣಿಗೆ ಬೀಳಬಾರದೆಂದು ದಿನವೂ ಮಾಡುತ್ತಿದ್ದಂತೆ, ಪೂಜೆ ಮುಗಿಯುವತನಕ ಇರಲಿ ಎಂದು ರೂಟರ್ ಮೇಲೆ ಹಿತ್ತಾಳೆಯ ದೊಡ್ಡ ದಬರಿಯನ್ನು ಬೋರಲು ಹಾಕಿದೆ. ಆ ಗಳಿಗೆಗೇ ಹೊರಗಿನಿಂದ ಶ್ರೀಧರನ ದನಿ: "ಮತ್ತೆ ಸ್ಲೋ ಆಯ್ತು!"

ದಬರಿ ಎತ್ತಿದೆ. "ಹಾಂ, ಬಂತು!" ಎಂದ.

ಮಗನಿಗೆ ಎಲ್ಲ ಹೇಳಿದೆ. ಅವನು "ಬಿಡಮ್ಮಾ, ಅದರಿಂದ ದೊಡ್ಡಮ್ಮ ಹೋಗಲಿಲ್ಲ" ಎಂದ. ನಿಜವೇ. ಆದರೆ ಅವಳ ಕೊನೆಯ ಮಾತಿಗೆ ಮುಚ್ಚಳ ಹಾಕಿದ್ದು ನಾನೇ ತಾನೆ?

ಏನು ಹೇಳಲು ಬಂದಿದ್ದಳೆಂದು ಅಕ್ಕನ ಮಗಳನ್ನು ಕೇಳಿದೆ. ಅವಳು ಆಗ ಕಾಗದಗಳಿಗೆ ಸಹಿ ಹಾಕಲು ಹೊರಗೆ ಹೋಗಿದ್ದಳಂತೆ. ಕೋಣೆಯಲ್ಲಿದ್ದದ್ದು ಕನ್ನಡ ಬಾರದ ನರ್ಸ್ ಒಬ್ಬಳೇ. ಅಕ್ಕ ಪರದೆ ನೋಡಿಕೊಂಡು ತುಂಬ ಹೊತ್ತು ಮಾತಾಡಿದಳು, ನಡುವೆ ಒಮ್ಮೆ ನಕ್ಕಳು ಎಂದಷ್ಟೇ ಆ ನರ್ಸ್ ಹೇಳಿದಳಂತೆ.

ಅಕ್ಕನ ಪರದೆಯಲ್ಲಿ ನನ್ನ ಮುಖವೂ ಅಲುಗದೆ ನಿಂತಿದ್ದಿರಬೇಕು. ನಾನು ಕೇಳಿಸಿಕೊಳ್ಳುತ್ತಿದ್ದೇನೆ ಎಂದುಕೊಂಡೇ ಅವಳು ಹೋದಳು.