ಎದುರು ಗಾಳಿಗೆ ಎಡಗೈ

ನನ್ನ ಎಡಗೈ ಮಣಿಕಟ್ಟಿನ ಮೇಲೆ ಒಂದು ಬರೆ ಇದೆ. ಗಡಿಯಾರದ ಪಟ್ಟಿಯಿಂದ ಮುಚ್ಚಬಹುದು, ನಾನು ಮುಚ್ಚುವುದಿಲ್ಲ. ಯಾರಾದರೂ ಕೇಳಿದರೆ ನಮ್ಮ ಮನೆಯಲ್ಲಿ ಪ್ರೀತಿಯಿಂದ ಹಾಕಿದ್ದು ಎನ್ನುತ್ತೇನೆ.

ಹಾಕಿದವಳು ಅಜ್ಜಿ, ನನ್ನ ಅಪ್ಪನ ತಾಯಿ. ಜಂಗಮಕೋಟೆ ಹತ್ತಿರದ ನಮ್ಮ ಊರಿನಲ್ಲಿ ಬಹಳ ಮನೆಗಳಂತೆ ನಮ್ಮದೂ ರೇಷ್ಮೆ ಹುಳು ಸಾಕುವ ಮನೆ. ನಾನು ಒಂದನೇ ಕ್ಲಾಸಿನಲ್ಲಿದ್ದ ವರ್ಷ, ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಹುಳುಗಳಿಗೆ ಸಪ್ಪೆ ರೋಗ ಬಂದು ತಟ್ಟೆಗಳಲ್ಲೇ ಕೊಳೆತು ನಾರಿದವು. ಒದ್ದೆ ಸೊಪ್ಪು ಹಾಕಿದ್ದೀರಿ, ಮನೆಗೆ ಗಾಳಿಯಾಡಲ್ಲ ಎಂದು ತಿಳಿದವರು ಹೇಳಿ ಹೋದರು. ಅಜ್ಜಿಗೆ ಅಷ್ಟು ದೂರದ ಕಾರಣ ಬೇಕಿರಲಿಲ್ಲ. ನಾನು ಎಡಗೈಯಲ್ಲಿ ಸೊಪ್ಪು ಹಾಕಿದ್ದನ್ನು ಅವಳು ನೋಡಿದ್ದಳು.

"ಎಡಮ ಚೆಯ್ಯಿ ಆಡಿಸಿದ್ರೆ ಹುಳ ಉಳೀತದೇನೇ, ಮನೆಹಾಳಿ?" ಎಂದು ತೆಲುಗು ಬೆರೆಸಿ ಬೈಯುತ್ತಲೇ ಸೌಟಿನ ಹಿಡಿಯನ್ನು ಒಲೆಯಲ್ಲಿ ಕಾಯಿಸಿದಳು. ನಾನು ಒದ್ದಾಡದಂತೆ ಹಿಡಿದುಕೊಂಡವರು ಚಿಕ್ಕಪ್ಪ. ಅವರು ಆಗಷ್ಟೇ ದೈಹಿಕ ಶಿಕ್ಷಣದ ಕೋರ್ಸು ಮುಗಿಸಿ ಬಂದಿದ್ದರು, ಹಿಡಿತ ಗಟ್ಟಿಯಾಗಿತ್ತು. "ಆಯ್ತು ಕಣಮ್ಮ, ಆಯ್ತು" ಎಂದು ನನ್ನ ಕಿವಿಯ ಹತ್ತಿರ ಹೇಳುತ್ತಿದ್ದರು. ಆಗಿರಲಿಲ್ಲ. ಮುಂದಿನ ಬೆಳೆಗೆ ನಾನು ಬಲಗೈಯಲ್ಲೇ ಸೊಪ್ಪು ಹಾಕಿದೆ, ಅದೂ ಹಾಳಾಯಿತು. ಆಗ ಮಾತ್ರ ಯಾರೂ ಸೌಟು ಕಾಯಿಸಲಿಲ್ಲ.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾಗಿತ್ತು. ನಾನು ಸೇರಿದ ಚಿಂತಾಮಣಿ ಕಡೆಯ ಖಾಸಗಿ ಶಾಲೆಯಲ್ಲೇ ಚಿಕ್ಕಪ್ಪ ಪಿ.ಟಿ. ಮೇಷ್ಟ್ರು. ಕಾಯಂ ಅಲ್ಲ. ಪ್ರತಿ ಬೇಸಿಗೆಯಲ್ಲೂ ಶಾಲೆಯ ಸೆಕ್ರೆಟರಿ "ಮುಂದಿನ ವರ್ಷ ನೋಡಣ" ಎನ್ನುತ್ತಿದ್ದರು, ಪ್ರತಿ ಬೇಸಿಗೆಯಲ್ಲೂ ಚಿಕ್ಕಪ್ಪನ ಮದುವೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. ಹೀಗಿರುವಾಗ ಬೆಂಗಳೂರಿನ ಯಾವುದೋ ಶಿಬಿರಕ್ಕೆ ಹೋದವರು, ಅಲ್ಲಿ ಪರಿಚಯವಾದ ವಿದೇಶಿಯೊಬ್ಬ ಕೊಟ್ಟನೆಂದು ಒಂದು ಚೀಲದ ತುಂಬ ಪ್ಲಾಸ್ಟಿಕ್ ಡಿಸ್ಕುಗಳನ್ನು ತಂದರು. ಆಟದ ಹೆಸರು ಡಿಸ್ಕ್ ಗಾಲ್ಫ್. ದೂರದಿಂದ ಡಿಸ್ಕ್ ಎಸೆದು ಬುಟ್ಟಿಗೆ ಬೀಳಿಸಬೇಕು, ಅಷ್ಟೇ. "ಜಿಲ್ಲೆ ಹೊಸದು, ಆಟಾನೂ ಹೊಸದು. ಇದ್ರಲ್ಲಿ ನಮ್ಮ ಸ್ಕೂಲೇ ಫಸ್ಟು ಅಂದ್ರೆ ಸೆಕ್ರೆಟರಿ ನನ್ನ ಬಿಡ್ತಾರಾ?" ಎಂದು ಕುಣಿದರು. ಸೊಪ್ಪು ತರುವ ಮಂಕರಿಯೊಂದನ್ನು ಒಯ್ದು ನಮ್ಮೂರ ಕೆರೆಯಂಗಳದ ಹೊಂಗೆ ಮರಕ್ಕೆ ನೇತುಹಾಕಿದರು.

ಬುಟ್ಟಿಗೆ ಜಾಗ ಹುಡುಕುವುದರಲ್ಲೂ ಅವರ ಜಾಣತನ ಕಾಣುತ್ತಿತ್ತು. ಕೆರೆ ಏರಿಯ ಬುಡದಲ್ಲಿ ನಿಂತು ನೋಡಿದರೆ ಬಲಗಡೆ ಜಾಲಿ ಪೊದೆ, ಆ ಪೊದೆಯ ಹಿಂದೆ ಬುಟ್ಟಿ. ಎಡಗಡೆ ಕೆರೆಯಲ್ಲಿ ಉಳಿದ ನೀರು. ಪೊದೆಯನ್ನು ದಾಟಿ ಬಲಕ್ಕೆ ತಿರುಗಿದರೆ ಮಾತ್ರ ಡಿಸ್ಕ್ ಬುಟ್ಟಿ ಸೇರುತ್ತದೆ. ಅದರ ಮೇಲೆ ಆಷಾಢದ ಗಾಳಿ, ನೇರ ಮುಖಕ್ಕೆ.

ಗಾಳಿಗೆ ಯಾವ ಡಿಸ್ಕ್ ಎನ್ನುವುದೇ ಆ ಆಟದ ಮುಕ್ಕಾಲು ವಿದ್ಯೆ. ಚೀಲದಲ್ಲಿ ಎರಡು ಜಾತಿ ಇದ್ದವು. ಹಗುರವಾಗಿ ತೇಲುವಂಥವು ಗಾಳಿಯಿಲ್ಲದ ದಿನ ಬಲು ಒಳ್ಳೆಯವು, ಎದುರು ಗಾಳಿ ಸಿಕ್ಕರೆ ಮಗುಚಿಕೊಂಡು ಎತ್ತಲೋ ಹೋಗುತ್ತಿದ್ದವು. ಇನ್ನೊಂದು ಜಾತಿಗೆ ಚಿಕ್ಕಪ್ಪ ಶಿಬಿರದಲ್ಲಿ ಕಲಿತ ಹೆಸರು ಹೇಳುತ್ತಿದ್ದರು, ಓವರ್‌ಸ್ಟೇಬಲ್ ಡ್ರೈವರ್. ನಾನು ಹಠಮಾರಿ ಎನ್ನುತ್ತಿದ್ದೆ. ತೂಕ ಹೆಚ್ಚು, ಬೆನ್ನು ಚಪ್ಪಟೆ, ಅಂಚು ದಪ್ಪ. ಗಾಳಿ ಎಷ್ಟು ನೂಕಿದರೂ ಮಗುಚುವುದಿಲ್ಲ. ಕೊನೆಯಲ್ಲಿ ಮಾತ್ರ ತನ್ನ ಸ್ವಭಾವಕ್ಕೆ ತಕ್ಕಂತೆ ಒಂದು ಕಡೆ ವಾಲಿ ಇಳಿಯುತ್ತದೆ, ಬಲಗೈಯಲ್ಲಿ ಎಸೆದರೆ ಎಡಕ್ಕೆ, ಎಡಗೈಯಲ್ಲಿ ಎಸೆದರೆ ಬಲಕ್ಕೆ. ಅದರಲ್ಲೂ ಹೊಸದನ್ನೇ ಆರಿಸಬೇಕು. ಮರಕ್ಕೆ, ಕಲ್ಲಿಗೆ ಬಡಿದು ಅಂಚು ಸವೆದದ್ದು ಹಠ ಬಿಟ್ಟಿರುತ್ತದೆ. ತೋಳಲ್ಲಿ ಬಲವಿಲ್ಲದವರು ಹಠಮಾರಿಯನ್ನು ಮುಟ್ಟಬಾರದು, ಅದು ದೂರ ಹೋಗುವ ಮೊದಲೇ ವಾಲಿ ಬೀಳುತ್ತದೆ.

ಭಾನುವಾರ ಚಿಕ್ಕಪ್ಪ ಅಲ್ಲಿಗೆ ಕರೆತರುತ್ತಿದ್ದ ಶಾಲೆಯ ಹುಡುಗರೆಲ್ಲ ಬಲಗೈಯವರು. ಹಗುರದ್ದನ್ನು ಎಸೆದರೆ ಜಾಲಿಗೆ, ಹಠಮಾರಿಯನ್ನು ಎಸೆದರೆ ನೀರಿನ ಅಂಚಿಗೆ. ಹೆಕ್ಕಿ ತರುವ ಕೆಲಸ ನನ್ನದು. ಒಂದು ಭಾನುವಾರ ಕೈಗೆಲ್ಲ ಮುಳ್ಳು ತರಚಿ ಸಿಟ್ಟು ಬಂದು, ಸಿಕ್ಕ ಡಿಸ್ಕನ್ನು ಅಲ್ಲಿಂದಲೇ ಎಡಗೈಯಲ್ಲಿ ಬೀಸಿ ಎಸೆದೆ. ಅದು ಚಿಕ್ಕಪ್ಪನ ಕಾಲ ಬುಡಕ್ಕೆ ಹೋಗಿ ಬಿತ್ತು. ಅವರು ಡಿಸ್ಕನ್ನು ನೋಡಿದರು, ನನ್ನ ಕೈ ನೋಡಿದರು. ನಿಧಿ ಸಿಕ್ಕವರ ಮುಖ.

ಅಂದಿನಿಂದ ಕೆರೆಯಂಗಳದಲ್ಲಿ ನನಗೆ ಎಡಗೈ, ಮನೆಯಲ್ಲಿ ಬಲಗೈ. "ಅಜ್ಜಿಗೆ ಹೇಳಿ ಚಿಕ್ಕಪ್ಪ, ಮನೇಲೂ ನನ್ನ ಕೈ ತಂಟೆಗೆ ಬರೋದು ಬೇಡ ಅಂತ" ಎಂದು ಕೇಳಿದೆ. ನನಗೆ ಬೇಕಿದ್ದದ್ದು ಅದೊಂದೇ. ಎಡಗೈಯಲ್ಲಿ ಉಣ್ಣುವುದಲ್ಲ, ಲೋಟ ಹಿಡಿಯುವುದು, ಬರೆಯುವುದು, ಕಸಬರಿಕೆ ಹಿಡಿಯುವುದು. "ಸೆಕ್ರೆಟರಿ ಬಂದು ನೋಡ್ಲಿ ಕಣಮ್ಮ. ಅವತ್ತೇ ಸಂಜೆ ಹೇಳ್ತೀನಿ, ನನ್ನಾಣೆ" ಎಂದರು. ನಾನು ನಂಬಿದೆ. ತಿಂಗಳಿಡೀ ತೋಳು ಊದಿಕೊಳ್ಳುವವರೆಗೆ ಎಸೆದೆ.

ಸೆಕ್ರೆಟರಿ ಬಂದ ದಿನ ಗಾಳಿ ಕಣ್ಣು ಬಿಡಗೊಡುತ್ತಿರಲಿಲ್ಲ. ಹುಡುಗರ ಡಿಸ್ಕುಗಳು ಒಂದೊಂದೂ ಒಂದೊಂದು ದಿಕ್ಕು ಹಿಡಿದವು. ಚಿಕ್ಕಪ್ಪನ ಮುಖ ಹುಳ್ಳಗಾಯಿತು. ನಾನು ಚೀಲದಿಂದ ಇನ್ನೂ ಹೊಳಪು ಹೋಗದ ಹಠಮಾರಿಯನ್ನು ಆರಿಸಿ ಎಡಗೈಯಲ್ಲಿ ಎಸೆದೆ. ಅದು ಗಾಳಿಯನ್ನು ಸೀಳಿಕೊಂಡು ನೇರ ಹೋಗಿ, ಪೊದೆ ದಾಟಿ, ಬಲಕ್ಕೆ ವಾಲಿ ಮಂಕರಿಯೊಳಗೆ ಬಿತ್ತು. ಅಷ್ಟು ಸಂತೋಷ ನನಗೆ ಅದಕ್ಕೆ ಮೊದಲು ಆಗಿರಲಿಲ್ಲ.

"ಏನ್ ಮೇಷ್ಟ್ರೇ, ಹುಡುಗಿ ಎಡಚಿನಾ?" ಎಂದರು ಸೆಕ್ರೆಟರಿ.

"ಅಯ್ಯೋ ಇಲ್ಲ ಸಾರ್, ಆಟಕ್ಕೆ ಮಾತ್ರ" ಎಂದು ಚಿಕ್ಕಪ್ಪ ನನ್ನ ಮಣಿಕಟ್ಟು ಹಿಡಿದು ಬರೆಯನ್ನು ಅವರ ಮುಖದ ಮುಂದೆ ತಿರುಗಿಸಿದರು. "ನೋಡಿ, ಚಿಕ್ಕೋಳಿದ್ದಾಗ್ಲೇ ತಿದ್ದಿದೀವಿ. ನಾನೇ ಹಿಡ್ಕೊಂಡಿದ್ದು."

"ಒಳ್ಳೇ ಕೆಲಸ. ನಾಳೆ ಇನ್ನೊಂದು ಮನೆಗೆ ಹೋಗೋ ಮಗು" ಎಂದ ಸೆಕ್ರೆಟರಿ, ಮುಂದಿನ ಭಾನುವಾರ ಆಡಳಿತ ಮಂಡಳಿಯವರನ್ನೆಲ್ಲ ಕರೆತರುತ್ತೇನೆ, ಗೌರಿಬಿದನೂರಿನಿಂದಲೂ ಬರುತ್ತಾರೆ, ಇದೇ ರೀತಿ ತೋರಿಸಿದರೆ ಅಲ್ಲೇ ಕಾಯಂ ಆರ್ಡರ್ ಎಂದರು. ಚಿಕ್ಕಪ್ಪ ನನ್ನ ಕೈ ಬಿಡುವುದನ್ನೂ ಮರೆತು ನಗುತ್ತಿದ್ದರು.

ಅಂದು ಸಂಜೆ ಊಟಕ್ಕೆ ಕುಳಿತಾಗ ಬೇಕೆಂದೇ ಎಡಗೈಯಲ್ಲಿ ನೀರಿನ ಲೋಟ ಎತ್ತಿ ಚಿಕ್ಕಪ್ಪನ ಮುಖ ನೋಡಿದೆ. ಅಜ್ಜಿ ಕೈಗೆ ಸಿಕ್ಕ, ಮುದ್ದೆ ತೊಳಸುವ ಹಿಟ್ಟಿನ ಕೋಲಿನಿಂದ ಮಣಿಕಟ್ಟಿಗೆ ಒಂದೇಟು ಬಿಟ್ಟಳು. ಲೋಟ ಉರುಳಿತು. ಚಿಕ್ಕಪ್ಪ ಮುದ್ದೆ ಮುರಿಯುತ್ತ, "ಬಲಗೈ ಕಣಮ್ಮ. ಅಜ್ಜಿ ಮಾತು ಕೇಳ್ಬೇಕು" ಎಂದರು. ತಲೆ ಎತ್ತಲಿಲ್ಲ. ಸಾರು ಚೆನ್ನಾಗಿದೆ ಎಂದು ನನ್ನ ಅಮ್ಮನಿಗೆ ಹೇಳಿದರು.

ಆ ವಾರವೆಲ್ಲ ನಾನು ಮನೆಯಲ್ಲಿ ಬಲು ಒಳ್ಳೆಯ ಹುಡುಗಿ. ಅಜ್ಜಿ ಸಹ ಮೆಚ್ಚಿಕೊಂಡಳು.

ಭಾನುವಾರ ಅಜ್ಜಿ ರೇಷ್ಮೆ ಸೀರೆ ಉಟ್ಟು ಏರಿಯ ಮೇಲೆ ಬಂದು ಕುಳಿತಳು, ಮಗ ಕಾಯಂ ಆಗುವುದನ್ನು ಕಣ್ಣಾರೆ ನೋಡಬೇಕಿತ್ತು. ಮಂಡಳಿಯವರಿಗೆ ಕುರ್ಚಿ ಹಾಕಿಸಿದ್ದರು. ಗಾಳಿ ಮತ್ತೆ ಮುಖಕ್ಕೆ. ನಾನು ಚೀಲದಲ್ಲಿ ಕೈಯಾಡಿಸಿ ಹಠಮಾರಿಗಳನ್ನೆಲ್ಲ ಆರಿಸಿ ಪಕ್ಕಕ್ಕಿಟ್ಟುಕೊಂಡೆ. ಚಿಕ್ಕಪ್ಪ ಹೆಮ್ಮೆಯಿಂದ ತಲೆಯಾಡಿಸಿದರು. ಮೊದಲನೆಯದನ್ನು ತೆಗೆದುಕೊಂಡು ಬಲಗೈಯಲ್ಲಿ ಎಸೆದೆ. ಬಲವಿಲ್ಲದ ಕೈ. ಡಿಸ್ಕ್ ಎದ್ದ ಹಾಗೆ ಮಾಡಿ ಎಡಕ್ಕೆ ವಾಲಿ ನೀರಿಗೆ ಬಿತ್ತು, ಮುಳುಗಿತು.

ಚಿಕ್ಕಪ್ಪ, ಕೈ ಜಾರಿತು ಎಂದುಕೊಂಡರು. ಎರಡನೆಯದೂ ನೀರಿಗೆ ಹೋದಾಗ ಹತ್ತಿರ ಬಂದು ಹಲ್ಲು ಕಚ್ಚಿ, "ಎಡಗೈಲಿ ಕಣೇ" ಎಂದರು.

"ಗಾಳಿ ಚಿಕ್ಕಪ್ಪ, ಕೇಳಿಸ್ತಿಲ್ಲ" ಎಂದೆ. ಮೂರನೆಯದನ್ನೂ ಎಸೆದೆ.

"ಎಡಗೈ! ಎಡಗೈಲಿ ಎಸಿಯೇ!" ಎಂದು ಕಿರುಚಿದರು. ಕುರ್ಚಿಯ ಮೇಲಿದ್ದವರೆಲ್ಲ ತಿರುಗಿದರು. ಏರಿಯ ಮೇಲೆ ಅಜ್ಜಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅದನ್ನ ನೀವು ತಿದ್ದಿದೀರಲ್ಲ ಚಿಕ್ಕಪ್ಪ, ನೀವೇ ಹಿಡ್ಕೊಂಡು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಉಳಿದವನ್ನೂ ಒಂದೊಂದಾಗಿ ಬಲಗೈಯಲ್ಲೇ ನೀರಿಗೆ ಎಸೆದೆ. ನಡುವೆ ನಿಲ್ಲಬೇಕೆಂದು ಒಮ್ಮೆಯೂ ಅನಿಸಲಿಲ್ಲ. ಮಂಡಳಿಯವರು ಕಾಫಿಯನ್ನೂ ಕುಡಿಯದೆ ಕಾರು ಹತ್ತಿದರು.

ಆ ಡಿಸ್ಕುಗಳು ನಮ್ಮ ಕಡೆ ಯಾವ ಅಂಗಡಿಯಲ್ಲೂ ಸಿಗುವಂಥವಲ್ಲ. ಅವಿಲ್ಲದೆ ಆಟವಿಲ್ಲ, ಆಟವಿಲ್ಲದೆ ಆರ್ಡರ್ ಇಲ್ಲ. ಚಿಕ್ಕಪ್ಪ ಪ್ಯಾಂಟು ಮಡಚಿ ಮೊಣಕಾಲುದ್ದದ ಕೆಸರು ನೀರಿಗೆ ಇಳಿದು ತಡಕಾಡತೊಡಗಿದರು. ಸ್ವಲ್ಪ ಹೊತ್ತಿನ ನಂತರ ನನ್ನ ಕಡೆ ತಿರುಗಿ, ಬೈಯಲೂ ತ್ರಾಣವಿಲ್ಲದೆ, "ಎಲ್ಲಿ ಬಿದ್ವು ಅಂತಾದ್ರೂ ತೋರ್ಸಮ್ಮ" ಎಂದರು.

ಬಲಗೈ ಎತ್ತಿ, ಅವು ಬೀಳದೇ ಇದ್ದ ಜಾಗವನ್ನು ತೋರಿಸಿದೆ. ಅವರು ಅತ್ತ ಹೋದರು.