ಮಕ್ಕಳ ಬೆಂಚಿನಲ್ಲಿ ಕೂತು ಹನ್ನೆರಡು ವಚನ

ನಾನು ಪಾಸಾದೆ! ಸಂಡೇ ಸ್ಕೂಲಿನ ಬೈಬಲ್ ಕಂಠಪಾಠ ಪರೀಕ್ಷೆಯಲ್ಲಿ, ಹತ್ತು ವರ್ಷದೊಳಗಿನ ಮಕ್ಕಳ ವಿಭಾಗದಲ್ಲಿ, ನನ್ನ ಅರವತ್ತೆಂಟನೆಯ ವಯಸ್ಸಿನಲ್ಲಿ ಪಾಸಾದೆ. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳ ಕೈಗೆ ಇವತ್ತು ಬೆಳಿಗ್ಗೆ ಒಂದು ಸರ್ಟಿಫಿಕೇಟು ಬಂದಿದೆ. ಮಧ್ಯಾಹ್ನದಿಂದ ಅದನ್ನು ಐದು ಸಲ ತೆಗೆದು ನೋಡಿದ್ದೇನೆ. ಇದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ನನ್ನನ್ನು ಪಾಸು ಮಾಡಿಸಿದವಳು, ನಾನು ಫೇಲಾಗಲಿ ಎಂದು ಮೂರು ತಿಂಗಳಿಂದ ಕಾದು ಕೂತಿದ್ದ ನನ್ನ ಮೊಮ್ಮಗಳೇ.

ನಾವಿರುವುದು ಚಾಮರಾಜಪೇಟೆಯಲ್ಲಿ. ಮಗ, ಸೊಸೆ, ಎಂಟು ವರ್ಷದ ಮೊಮ್ಮಗಳು, ನಾನು. ಎರಡು ಅಡ್ಡರಸ್ತೆ ದಾಟಿದರೆ ಚರ್ಚು. ಭಾನುವಾರ ಆರಾಧನೆಗೆ ಮುಂಚೆ ಮಕ್ಕಳಿಗೆ ಸಂಡೇ ಸ್ಕೂಲು. ಮೊಮ್ಮಗಳನ್ನು ಕರೆದೊಯ್ಯುವುದು ನನ್ನ ಕೆಲಸ. ಅವಳು ಒಳಗೆ ಕಲಿಯುತ್ತಾಳೆ, ನಾನು ಹಿಂದಿನ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತೇನೆ. ಪ್ರಾರ್ಥನೆ ಎಂದು ನಾನು ಹೇಳುತ್ತೇನೆ, ಗೊರಕೆ ಎಂದು ಅವಳು ಹೇಳುತ್ತಾಳೆ.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳ ಶಾಲೆಯ ಗೆಳತಿಯರೆಲ್ಲ ಭಾನುವಾರ ಬೆಳಿಗ್ಗೆ ಸ್ಕೇಟಿಂಗಿಗೆ ಸೇರಿದರು. ಇವಳಿಗೂ ಕಾಲಿಗೆ ಗಾಲಿ ಕಟ್ಟಿಕೊಳ್ಳುವ ಆಸೆ ಹುಟ್ಟಿತು. ಅಲ್ಲಿಗೆ ಹೋದರೆ ಸಂಡೇ ಸ್ಕೂಲು ತಪ್ಪುತ್ತದೆ. ಮಗನೂ ಸೊಸೆಯೂ ಹೂಂ ಎನ್ನುವುದರಲ್ಲಿದ್ದರು. ನಾನು ಮಾತ್ರ ಒಪ್ಪಲಿಲ್ಲ. ಭಾನುವಾರ ಬೆಳಿಗ್ಗೆ ಅವಳ ಕೈ ಹಿಡಿದು ಆ ಎರಡು ಅಡ್ಡರಸ್ತೆ ನಡೆಯುವುದು ನನ್ನ ಇಡೀ ವಾರದ ಸುಖ.

"ನಿಂಗೇನಜ್ಜಿ, ಹಿಂದೆ ಕೂತು ನಿದ್ದೆ ಹೊಡೀತೀಯ. ಹನ್ನೆರಡು ವಚನ ಬಾಯಿಪಾಠ ಮಾಡು ನೋಡೋಣ, ಆಗ ಗೊತ್ತಾಗುತ್ತೆ ಕಷ್ಟ," ಎಂದಳು.

"ಮಾಡಿದ್ರೆ?"

"ಪರೀಕ್ಷೆ ಕೊಟ್ಟು ಪಾಸಾದ್ರೆ ನಾನು ಸಂಡೇ ಸ್ಕೂಲ್ ಬಿಡಲ್ಲ. ಫೇಲಾದ್ರೆ ಸ್ಕೇಟಿಂಗ್."

ಅವತ್ತು ಶನಿವಾರ. ಬೇಗ ಬೇಗ ಕೈ ಮೇಲೆ ಕೈ ಹಾಕಿದೆ. ಭಾನುವಾರ ಬಾಜಿ ಕಟ್ಟಬಾರದಲ್ಲ!

"ಅಮ್ಮಾ, ಬಾಜಿ ಶನಿವಾರ ಕಟ್ಟಿದ್ರೂ ಪಾಪಾನೇ," ಎಂದ ಮಗ.

"ಶನಿವಾರದ ಪಾಪಕ್ಕೆ ಮಾರನೇ ದಿನಾನೇ ಕ್ಷಮೆ ಕೇಳ್ಬಹುದು ಕಣೋ. ಭಾನುವಾರದ್ದಕ್ಕೆ ಒಂದು ವಾರ ಕಾಯ್ಬೇಕು."

ಭಾನುವಾರದ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಮಾವಳ್ಳಿಯ ನಮ್ಮ ತವರಿನಲ್ಲಿ ಆ ದಿನ ಸೂಜಿ ಮುಟ್ಟುವಂತಿಲ್ಲ, ಕುಂಟೆಬಿಲ್ಲೆ ಆಡುವಂತಿಲ್ಲ, ಅಂಗಡಿಯ ಮೆಟ್ಟಿಲು ಹತ್ತುವಂತಿಲ್ಲ. ಅಮ್ಮ ಶನಿವಾರವೇ ಸಾರು ಮಾಡಿಡುತ್ತಿದ್ದಳು. ನಮ್ಮ ಮನೆಯಲ್ಲಿ ಎಲ್ಲರೂ ಊದುಬತ್ತಿ ಹೊಸೆಯುವವರು. ಆರು ದಿನ ಬೇರೆಯವರ ದೇವರುಗಳಿಗೆ ಪರಿಮಳ ಕಳಿಸಿ, ಏಳನೇ ದಿನ ನಮ್ಮ ದೇವರ ಮುಂದೆ ಕೂತು ಸೀನುತ್ತಿದ್ದೆವು. ಅಕ್ಷರ ಬಾರದ ಅಮ್ಮ ವಚನಗಳನ್ನೆಲ್ಲ ಕೇಳಿಯೇ ಕಲಿತಿದ್ದಳು. ಕಡ್ಡಿ ಹೊಸೆಯುತ್ತಲೇ ನನಗೂ ಹೇಳಿಕೊಟ್ಟಳು. ಒಂದು ಕಡ್ಡಿಗೆ ಒಂದು ಸಾಲು.

ಸಂಡೇ ಸ್ಕೂಲಿನ ಟೀಚರ್ ಚಿಕ್ಕ ಹುಡುಗಿ, ವಾರದ ದಿನ ಬ್ಯಾಂಕಿನಲ್ಲಿ ಕೆಲಸ. ದೀಕ್ಷಾಸ್ನಾನದ ದಿನ ನನ್ನ ರೇಷ್ಮೆ ಸೀರೆ ಒದ್ದೆ ಮಾಡಿದ್ದ ಕೂಸು ಇದೇ. ನನ್ನ ಹೆಸರೂ ಬರೆದುಕೋ ಎಂದಾಗ ಅವಳು ನಕ್ಕು ಚರ್ಚಿನ ಪಾದ್ರಿ ಅಯ್ಯನವರ ಕಡೆ ನೋಡಿದಳು. "ಚಿಕ್ಕ ಮಕ್ಕಳ ಹಾಗೆ ಬರಬೇಕು ಅಂತ ನಾನೇ ಬೋಧನೆ ಮಾಡ್ತೀನಿ, ಈಗ ಬೇಡ ಅನ್ನೋದು ಹೇಗೆ?" ಎಂದರು ಅಯ್ಯನವರು.

ನನಗೆ ಕಲಿಸಿದವಳು ಮೊಮ್ಮಗಳೇ. ಪ್ರತಿ ಶನಿವಾರ ಸಂಜೆ ಸ್ಕೇಲು ಹಿಡಿದು ನಿಲ್ಲುತ್ತಿದ್ದಳು.

"ಅಜ್ಜಿ, ತಪ್ಪು. ಇನ್ನೊಂದ್ಸಲ."

"ತಪ್ಪಲ್ವೇ! ನಮ್ಮಮ್ಮ ಹಿಂಗೇ ಹೇಳ್ಕೊಟ್ಟಿದ್ದು."

"ನಿಮ್ಮಮ್ಮಂದು ಹಳೇ ಪುಸ್ತಕ. ಈಗಿನದ್ರಲ್ಲಿ ಹಾಗಿಲ್ಲ."

ನಿಜಕ್ಕೂ ಅದೇ ಕಷ್ಟ. ಅಮ್ಮ ಕಲಿಸಿದ್ದು ಹಳೆಯ ಅನುವಾದ, ಪರೀಕ್ಷೆ ಹೊಸ ಅನುವಾದದಲ್ಲಿ. ಹಳೆಯದರಲ್ಲಿ ದೇವರು ಗಡ್ಡ ನೀವಿಕೊಂಡು ನಿಧಾನವಾಗಿ ಮಾತಾಡುತ್ತಾನೆ, ಹೊಸದರಲ್ಲಿ ಬಸ್ ಸ್ಟಾಪಿನಲ್ಲಿ ನಿಂತವನ ಹಾಗೆ ಬೇಗ ಹೇಳಿ ಮುಗಿಸುತ್ತಾನೆ. ಅರ್ಥ ಒಂದೇ ಆದರೂ ನಾಲಿಗೆಗೆ ಅದು ಗೊತ್ತಾಗಬೇಕಲ್ಲ.

ನಡುವೆ ನನಗೊಂದು ಗುಮಾನಿ ಬಂತು. ನಾನು ಸೋತರೆ ಗೆಲ್ಲುವವಳು ಇವಳೇ ಅಲ್ಲವೇ, ಬೇಕೆಂದೇ ತಪ್ಪು ಹೇಳಿಕೊಟ್ಟರೆ? ಅಡುಗೆಮನೆಗೆ ಹೋಗಿ ಸೊಸೆಯ ಮುಂದೆ ಗುಟ್ಟಾಗಿ ಒಪ್ಪಿಸಿದೆ. ಅವಳು ಪುಸ್ತಕ ಹಿಡಿದು ನೋಡಿ, "ಎಲ್ಲಾ ಸರಿಯಾಗೇ ಕಲ್ಸಿದಾಳೆ ಅತ್ತೆ. ನೀವು ನಿಮ್ಮ ಹಾಗೇ ಬೇರೆಯವ್ರೂ ಅನ್ಕೋತೀರ," ಎಂದಳು. ಸೊಸೆಗೆ ಬಾಯಿ ಜಾಸ್ತಿ. ಆದರೆ ಅವಳು ಹೇಳಿದ್ದು ನಿಜ.

ಇವತ್ತು ಬೆಳಿಗ್ಗೆ ಪರೀಕ್ಷೆ. ಮಕ್ಕಳ ಬೆಂಚು ಎಷ್ಟು ಗಿಡ್ಡವೆಂದರೆ ಮಂಡಿ ಗದ್ದಕ್ಕೆ ತಾಗುತ್ತಿತ್ತು. ಪಕ್ಕದಲ್ಲಿದ್ದ ಆರು ವರ್ಷದ ಪುಟಾಣಿ, "ಅಜ್ಜಿ, ನೀವು ಎಷ್ಟು ಸಲ ಫೇಲಾಗಿದೀರ?" ಎಂದು ಕೇಳಿದಳು.

ನಿಯಮ ಸರಳ. ಹನ್ನೆರಡು ವಚನ, ಅಕ್ಷರ ಬಿಡದೆ ಹೇಳಬೇಕು. ಹತ್ತು ಸರಿಯಿದ್ದರೆ ಪಾಸು. ಮೊಮ್ಮಗಳು ನನಗಿಂತ ಮೊದಲು ಹೋಗಿ, ಹನ್ನೆರಡನ್ನೂ ಒಪ್ಪಿಸಿ ಹಿಂದೆ ಕೂತಳು. ನನ್ನ ಸರದಿ ಬಂತು. ನಾಲ್ಕನೆಯದರಲ್ಲಿ ಅರ್ಧ ಸಾಲು ನುಂಗಿದೆ. ಏಳನೆಯದು ಪೂರ್ತಿ ಮರೆತೇಹೋಯಿತು. ಉಳಿದವು ಹೇಗೋ ಬಂದವು. ಹನ್ನೊಂದು ಮುಗಿದಾಗ ಸರಿಯಾದದ್ದು ಒಂಬತ್ತು. ಇನ್ನು ಉಳಿದದ್ದು ಒಂದೇ.

ಆ ಕೊನೆಯದು ಅಮ್ಮನಿಗೆ ಬಹಳ ಇಷ್ಟವಾದ ವಚನ. ಬಾಯಿ ತೆರೆದೆ, ನೀರು ಹರಿದ ಹಾಗೆ ಬಂತು. ಎಲ್ಲೂ ತಡೆಯಲಿಲ್ಲ. ಹೇಳಿ ಮುಗಿಸಿ ಹೆಮ್ಮೆಯಿಂದ ಸೆರಗು ಸರಿಪಡಿಸಿಕೊಂಡು ನೋಡಿದರೆ, ಟೀಚರ್ ಮುಖ ಸಣ್ಣಗಾಗಿದೆ.

"ಅಜ್ಜಿ... ಪುಸ್ತಕದಲ್ಲಿ ಇರೋ ಹಾಗೆ ಬರ್ಲಿಲ್ಲ. ಬೇರೆ ಮಾತೇ ಬಂತು. ತಪ್ಪು ಅಂತಾನೇ ಹಾಕ್ಬೇಕಾಗುತ್ತೆ."

ಆಗ ಗೊತ್ತಾಯಿತು, ಹೇಳಿದ್ದು ಹಳೆಯ ಅನುವಾದವನ್ನು. ಬಾಜಿ ಹೋಯಿತು. ನನ್ನ ಎರಡು ಅಡ್ಡರಸ್ತೆಯ ಸುಖವೂ ಹೋಯಿತು. ಎದ್ದು ಹೋಗೋಣವೆಂದರೆ ಆ ಗಿಡ್ಡ ಬೆಂಚಿನಿಂದ ಏಳಲೂ ಆಗುತ್ತಿಲ್ಲ!

ಹಿಂದಿನಿಂದ ದನಿ ಬಂತು. "ಮಿಸ್, ಅದು ತಪ್ಪಲ್ಲ. ಹಳೇ ಪುಸ್ತಕದ್ದು."

ಮೊಮ್ಮಗಳು ಎದ್ದು ನಿಂತಿದ್ದಾಳೆ.

"ಇರ್ಬಹುದು ಪುಟ್ಟಿ. ಆದ್ರೆ ನನ್ ಹತ್ರ ಹಳೇದಿಲ್ವಲ್ಲ, ಹೇಗೆ ನೋಡ್ಲಿ?"

"ನಮ್ಮನೇಲಿದೆ. ತಂದ್ಬಿಡ್ತೀನಿ, ಅಲ್ಲಿವರ್ಗೂ ಮಾರ್ಕ್ಸ್ ಹಾಕ್ಬೇಡಿ ಮಿಸ್!"

ಹೊರಗೆ ಸ್ಕೂಟರಿನ ಮೇಲೆ ಕೂತಿದ್ದ ನನ್ನ ಮಗನನ್ನು ಎಳೆದುಕೊಂಡು ಹೋದಳು. ಹತ್ತು ನಿಮಿಷಕ್ಕೆ, ಬೆನ್ನು ಕಿತ್ತುಹೋಗಿ ದಾರದಲ್ಲಿ ಕಟ್ಟಿಟ್ಟಿದ್ದ ಆ ಪುಸ್ತಕವನ್ನು ಎದೆಗೆ ಅವಚಿಕೊಂಡು ಬಂದಳು. ಟೀಚರ್ ಪುಟ ಹುಡುಕಿ, "ಇನ್ನೊಂದ್ಸಲ ಹೇಳಿ ಅಜ್ಜಿ," ಎಂದಳು. ಹೇಳಿದೆ. ಅವಳ ಬೆರಳು ಸಾಲಿನ ಕೆಳಗೆ ನನ್ನ ಮಾತಿನ ಜೊತೆಯಲ್ಲೇ ಹೋಯಿತು. ಒಂದು ದೀರ್ಘವೂ ತಪ್ಪಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಯ್ಯನವರು, "ಹಾಕಮ್ಮಾ ರೈಟು. ನಾನು ಸಂಡೇ ಸ್ಕೂಲಲ್ಲಿ ಕಲಿತಿದ್ದೂ ಇದನ್ನೇ," ಎಂದರು.

ಮಕ್ಕಳೆಲ್ಲ ಚಪ್ಪಾಳೆ ಹೊಡೆದರು. ಆ ಆರು ವರ್ಷದವಳು ನನ್ನ ಕೈ ಹಿಡಿದೆಳೆದು ಎಬ್ಬಿಸಿದಳು.

ವಾಪಸು ಬರುವಾಗ ಮೊಮ್ಮಗಳನ್ನು ಕೇಳಿದೆ. "ಯಾಕೇ ಹಂಗ್ಮಾಡ್ದೆ? ಸುಮ್ನೆ ಕೂತಿದ್ರೆ ಸ್ಕೇಟಿಂಗ್ ನಿಂದಾಗ್ತಿತ್ತು."

"ನೀನು ಸರಿ ಹೇಳ್ದೆ ಅಜ್ಜಿ. ಸರಿ ಹೇಳಿದ್ಮೇಲೆ ತಪ್ಪು ಹಾಕ್ಬಾರ್ದು." ನಾಲ್ಕು ಹೆಜ್ಜೆ ನಡೆದು ಮತ್ತೆ ಹೇಳಿದಳು. "ಆ ಏಳನೇದು ಮಾತ್ರ ಹೇಗೆ ಮರ್ತೆ? ಎಷ್ಟು ಸಲ ಹೇಳ್ಕೊಟ್ಟಿದ್ದೆ! ಮಾನ ಕಳೆದ್ಬಿಟ್ಟೆ."

ಅಲ್ಲೇ ರಸ್ತೆಯಲ್ಲಿ ಅವಳ ಎರಡೂ ಕೆನ್ನೆ ಹಿಂಡಿ ಮುತ್ತು ಕೊಟ್ಟೆ. ಹೂವಿನವಳು ನಗುತ್ತಾ ನೋಡಿದಳು. ನೋಡಲಿ! ಮನೆಗೆ ಬಂದವಳೇ ಮಗನಿಗೆ ಹೇಳಿದೆ, ಶನಿವಾರ ಸಂಜೆ ಇನ್ನು ನಮಗೆ ಪಾಠವಿಲ್ಲ, ಆಗ ಸ್ಕೇಟಿಂಗ್ ಕಲಿಸುವ ಕಡೆ ಹುಡುಕು ಎಂದು. ಹನುಮಂತನಗರದಲ್ಲಿ ಒಂದಿದೆಯಂತೆ. ಅವನಿಗೆ ಮೊದಲೇ ಗೊತ್ತಿತ್ತಂತೆ! ಯಾಕೆ ಹೇಳಲಿಲ್ಲ ಎಂದರೆ, "ನೀವಿಬ್ರೂ ಓದೋದು ನೋಡೋಕೆ ಚೆನ್ನಾಗಿತ್ತಮ್ಮ," ಎನ್ನುತ್ತಾನೆ ಕಳ್ಳ.

ಸಂಜೆ ಓಕಳಿಪುರದಿಂದ ಮಗಳೂ ಅಳಿಯನೂ ಬಂದರು. ಸೊಸೆ ಕೈಮಾ ಉಂಡೆ ಸಾರು ಮಾಡಿದ್ದಳು, ನಾನು ಮುದ್ದೆ ಕಟ್ಟಿದೆ. ಚಾಪೆ ಹಾಸಿ ಆರು ಜನ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತೆವು.

"ಮುಂದಿನ ಭಾನುವಾರ ಎಷ್ಟಕ್ಕೆ ಎಬ್ಬಿಸ್ತೀಯ ಅಜ್ಜಿ?" ಎಂದಳು ಮೊಮ್ಮಗಳು.

"ಏಳಕ್ಕೆ."

"ಏಳೂವರೆ."

"ಏಳೂ ಕಾಲು."

"ಮೊದ್ಲು ಊಟ ಮಾಡ್ರೇ, ಸಾರು ಆರೋಗುತ್ತೆ," ಎಂದು ಮಗಳು ಗದರಿದಳು. ಮೊಮ್ಮಗಳು ಮೆಲ್ಲಗೆ ನನ್ನ ತಟ್ಟೆಯಿಂದ ಒಂದು ಉಂಡೆ ಎತ್ತಿಕೊಂಡಳು. ನಾನು ನೋಡಿಯೂ ನೋಡದ ಹಾಗೆ ಮುದ್ದೆ ಮುರಿದೆ.